ಹಾಲು ಬತ್ತಿಸುವ ಪದ

"ಎದಿಯಾಗ ಹಾಲಿರೋ ಹೆಣ್ಮಗಳು ಆ ಸರುಬಾಯಿ ಪದ ಕೇಳಬಾರದು ನೋಡವ್ವಾ," ಎಂದಳು ಮೀರಾಬಾಯಿ. "ಬ್ಯಾರೆ ಯಾರದರೆ ಹಾಡು ಕೇಳು. ಹಾಡೋರಿಗೇನು ಬರ ಬಂದದ ಈ ಹುಮನಾಬಾದದಾಗ?"

ಸೊಸೆ ಸಾಕ್ಷಿ ಬ್ಯಾಗಿನ ಜಿಪ್ ಎಳೆಯುತ್ತಲೇ ನಕ್ಕಳು. "ಕೇಳಿದ್ರೆ ಏನಾಗುತ್ತೆ ಅತ್ತೆ?"

"ಹಾಲು ಬತ್ತತಾವ. ಹಾಲಿನ ಜೋಡಿ ಇನ್ನೂ ಏನೇನೋ ಬತ್ತತದ."

"ನಿಮ್ಮ ಕಡೆ ಭಾನಾಮತಿ ಮಾಡಿದ್ರೆ ಮನೆ ಮೇಲೆ ಕಲ್ಲು ಬೀಳುತ್ತೆ, ಟ್ರಂಕಿನೊಳಗಿನ ಸೀರೆಗೆ ಬೆಂಕಿ ಹತ್ತುತ್ತೆ ಅಂತ ಕೇಳಿದ್ದೆ. ಈಗ ಹಾಡಿಗೂ ಬಂತಾ?"

ಮೀರಾಬಾಯಿ ನಗಲಿಲ್ಲ. ತೊಡೆಯ ಮೇಲಿದ್ದ ಮೊಮ್ಮಗಳು ಪೂನಂಳ ಕಿವಿಯನ್ನು ಅಂಗೈಯಿಂದ ಮುಚ್ಚಿದಳು, ಭಾನಾಮತಿಯ ಹೆಸರು ಕೂಸಿನ ಕಿವಿಗೂ ಬೀಳಬಾರದೆಂಬಂತೆ. ಅದನ್ನು ಕಂಡು ಸಾಕ್ಷಿಗೆ ಇನ್ನಷ್ಟು ನಗು ಬಂತು. ಓದಿದವರ ನಗುವಿಗೆ ಸದ್ದು ಕಡಿಮೆ, ಚುಚ್ಚು ಜಾಸ್ತಿ. "ಹಾಡು ಕೇಳಿ ಮೈ ಜುಮ್ ಅನ್ನೋದು ಮಾಟ ಅಲ್ಲ ಅತ್ತೆ. ಅದು ಮೆದುಳು ಮಾಡೋ ಕೆಲಸ. ಅದನ್ನ ಅಳೆಯೋ ಯಂತ್ರವೇ ನನ್ನ ಹತ್ರ ಇದೆ," ಎಂದು ಹೇಳಿ ಚಪ್ಪಲಿ ಮೆಟ್ಟಿದಳು.

ತುಮಕೂರಿನ ಸಾಕ್ಷಿ, ಹುಮನಾಬಾದದಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟಿರುವ ವೈಜನಾಥನನ್ನು ಮದುವೆಯಾಗಿ ಈ ಸೀಮೆಗೆ ಬಂದವಳು. ಬಸವಕಲ್ಯಾಣದ ಕಾಲೇಜೊಂದರಲ್ಲಿ ಮನಃಶಾಸ್ತ್ರ ಪಾಠ ಹೇಳುತ್ತಿದ್ದಳು. ಹಾಡು ಕೇಳುವವರ ಮನಸ್ಸು ಯಾಕೆ, ಹೇಗೆ ಕಲಕುತ್ತದೆ ಎನ್ನುವುದು ಅವಳ ಸಂಶೋಧನೆ. ಕೇಳುವವರ ಬೆರಳಿಗೆ ಒಂದು ಕ್ಲಿಪ್ ಸಿಕ್ಕಿಸಿದರೆ ಸಾಕು, ನಾಡಿ ಮತ್ತು ಬೆವರು ಬದಲಾದಂತೆ ಟ್ಯಾಬಿನ ಪರದೆಯ ಮೇಲೆ ಒಂದು ಹಸಿರು ಗೆರೆ ಏರುತ್ತಿತ್ತು, ಇಳಿಯುತ್ತಿತ್ತು. ಒಬ್ಬರಿಗೆ ವಚನ ಕೇಳಿದರೆ ಏರುತ್ತಿತ್ತು, ಇನ್ನೊಬ್ಬರಿಗೆ ಕವ್ವಾಲಿ. ಮಗಳನ್ನು ಗಂಡನ ಮನೆಗೆ ಕಳಿಸಿ ಬಂದ ಕಾಲೇಜಿನ ಜವಾನನಿಗೆ ಬೀದಿಯಲ್ಲಿ ಹೋಗುವ ಮದುವೆ ಬ್ಯಾಂಡೇ ಸಾಕಾಗಿತ್ತು. ಗೆರೆ ಏಳದ ಮನುಷ್ಯರನ್ನು ಸಾಕ್ಷಿ ಇನ್ನೂ ಕಂಡಿರಲಿಲ್ಲ.

ಅವಳದೇ ಗೆರೆ ಎಲ್ಲಕ್ಕಿಂತ ಎತ್ತರಕ್ಕೆ ಹಾರಿದ್ದು ಮಾತ್ರ ಯಾವ ರಾಗಕ್ಕೂ ಅಲ್ಲ, ಪೂನಂಳ ಅಳುವಿಗೆ. ಬಸವಕಲ್ಯಾಣದ ಬಸ್ಸಿನಲ್ಲಿ ಯಾರದೋ ಮಗು ಅತ್ತರೂ ಅವಳ ರವಿಕೆ ಒದ್ದೆಯಾಗುತ್ತಿತ್ತು. ಸೆರಗು ಎಳೆದುಕೊಂಡು ಕಿಟಕಿಯ ಕಡೆ ತಿರುಗಿ ಕೂರುತ್ತಿದ್ದಳು. ನಾಚಿಕೆಯಾಗುತ್ತಿತ್ತು, ಒಳಗೊಳಗೇ ಹೆಮ್ಮೆಯೂ ಆಗುತ್ತಿತ್ತು. ಸಂಜೆ ಮನೆಯ ಓಣಿ ಬಂದರೆ ನಡೆಯುವುದನ್ನು ಬಿಟ್ಟು ಓಡುತ್ತಿದ್ದಳು. ಪೂನಂ ಎಂದರೆ ಅವಳು ಅಷ್ಟು ಜೀವ ಬಿಡುತ್ತಿದ್ದಳು.

ದುಬಲಗುಂಡಿಯ ಸರುಬಾಯಿಯ ಸುದ್ದಿ ಹೇಳಿದವನು ಅದೇ ಕಾಲೇಜಿನ ಮೇಷ್ಟ್ರು, ಮಂಠಾಳದ ಅಂಬಾದಾಸ. ಸತ್ತವರ ಮನೆಯಲ್ಲಿ ಅಳು ಬಾರದೆ ಕಲ್ಲಾಗಿ ಕೂತವರಿದ್ದರೆ ಆಕೆಯನ್ನು ಕರೆಸುತ್ತಿದ್ದರಂತೆ. ಆಕೆ ಹಾಡಿದರೆ ಹೆಣ ಹೊರಲು ಬಂದವರೂ ಕೂತು ಬಿಕ್ಕುತ್ತಿದ್ದರಂತೆ. ಆಕೆ ಮಾತ್ರ ಒಂದು ಹನಿ ಕಣ್ಣೀರು ಹಾಕಿದ್ದನ್ನು ಯಾರೂ ಕಂಡಿಲ್ಲ. "ನಮ್ಮ ತಂದಿ ಹೋದಾಗ ಕೇಳೀನ್ರಿ ಮೇಡಂ. ನೆನಸಿದ್ರ ಈಗೂ ಕೈಮ್ಯಾಗ ಕೂದಲ ನಿಲ್ತಾವ, ನೋಡ್ರಿ," ಎಂದು ತೋಳು ಚಾಚಿದ್ದ. ಜೊತೆಗೆ ಬನ್ನಿ ಎಂದ ಕೂಡಲೇ ಅವನಿಗೆ ಎಲ್ಲಿಲ್ಲದ ಕೆಲಸ ನೆನಪಾಯಿತು. ತಾನು ಅಳದೆ ಕೇಳುವವರನ್ನು ಅಳಿಸುವ ಹಾಡುಗಾರ್ತಿ! ಸಾಕ್ಷಿಗೆ ಇನ್ನೇನು ಬೇಕು.

ದುಬಲಗುಂಡಿಯಲ್ಲಿ ಬಸ್ಸಿಳಿದಾಗ ನಡುಮಧ್ಯಾಹ್ನ. ತೊಗರಿ ರಾಶಿ ಮುಗಿದ ಹೊಲಗಳು ಬಿರುಕು ಬಿಟ್ಟು ಬಿದ್ದಿದ್ದವು. ಆಡುಗಳು ಮೇಯಲು ಹೋಗಿದ್ದವು, ಅವುಗಳ ವಾಸನೆ ಮಾತ್ರ ಓಣಿಯಲ್ಲಿ ಉಳಿದಿತ್ತು. ಮನೆ ತೋರಿಸಿದ ಹೆಂಗಸು ಸಾಕ್ಷಿಯ ಎದೆಯ ಕಡೆ ಒಮ್ಮೆ ನೋಡಿ, "ಕೂಸು ಸಣ್ಣದದ ಏನ್ರಿ?" ಎಂದು ಕೇಳಿದಳು. ಉತ್ತರಕ್ಕೂ ಕಾಯದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಕಪ್ಪು ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಬಗ್ಗಿ ಹೋಗಬೇಕಾದ ಬಾಗಿಲು. ಕಿಟಕಿ ಒಂದೂ ಇಲ್ಲ. ಹೊಸಿಲು ದಾಟಿದ್ದೇ ಬಿಸಿಲು ಹಿಂದೆ ಬಿತ್ತು. ಕಣ್ಣಿಗೆ ಏನೂ ಕಾಣದೆ ಸಾಕ್ಷಿ ಗೋಡೆ ಹಿಡಿದು ನಿಂತಳು. ಮೊದಲು ಮೂಗಿಗೆ ಹರಳೆಣ್ಣೆಯ ಕಮಟು ಬಂತು, ಆಮೇಲೆ ದೀಪದ ಮಸಿಯದು. ಅದೆಲ್ಲದರ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು, ಬಹಳ ಕಾಲ ಮುಚ್ಚಿಟ್ಟ ಹಸುಗೂಸಿನ ಬಟ್ಟೆಗಳದು. ಕತ್ತಲು ಪಳಗಿದ ಮೇಲೆ ನೆಲದ ನಡುವೆ ಉರಿಯುತ್ತಿದ್ದ ಹಣತೆ ಕಂಡಿತು. ತೊಲೆಗೆ ಕಟ್ಟಿದ ಖಾಲಿ ತೊಟ್ಟಿಲು ಕಂಡಿತು. ತೊಟ್ಟಿಲ ಹಗ್ಗ ಹಿಡಿದು ಕೂತ ಮುದುಕಿ ಕೊನೆಗೆ ಕಂಡಳು.

"ಯಾರು?"

ಸಾಕ್ಷಿ ತನ್ನ ಊರು, ಕೆಲಸ ಎಲ್ಲ ಹೇಳಿದಳು. ಸರುಬಾಯಿ ಅದ್ಯಾವುದನ್ನೂ ಕೇಳಿಸಿಕೊಂಡಂತೆ ಕಾಣಲಿಲ್ಲ.

"ಸಣ್ಣ ಕೂಸು ಅದ ಏನು ನಿನಗ?"

"ಇದೆ ಅಜ್ಜಿ. ಹೆಣ್ಣು ಮಗು."

"ಎದಿಹಾಲು ಕುಡೀತದ?"

"ಕುಡಿಯುತ್ತೆ."

ಮುದುಕಿ ತೊಟ್ಟಿಲ ಹಗ್ಗ ಬಿಟ್ಟಳು. ಆಮೇಲೆ ನಿಧಾನವಾಗಿ, ಒಂದೊಂದೇ ಮಾತು ಎತ್ತಿಟ್ಟಂತೆ ಹೇಳಿದಳು. "ನನ್ನ ಪದ ಕೇಳಿದ್ರ ನಿನ್ನ ಎದಿ ಖಾಲಿ ಆಗತದ. ನಾ ಹೇಳಿಲ್ಲ ಅನಬ್ಯಾಡ ಮತ್ತ. ಖರೇನೇ ಹೇಳಾಕತ್ತೇನಿ. ಈಗ ಎದ್ದು ಹೋದಿ ಅಂದ್ರ ನಾ ಏನೂ ಅನ್ನಂಗಿಲ್ಲ. ಕೇಳ್ತಿಯೇನು?"

"ಅದಕ್ಕೇ ಅಲ್ವಾ ಬಂದಿರೋದು," ಎಂದು ಸಾಕ್ಷಿ ನಕ್ಕಳು.

ಒಂದು ಕ್ಲಿಪ್ಪನ್ನು ಮುದುಕಿಯ ಬೆರಳಿಗೂ ಇನ್ನೊಂದನ್ನು ತನ್ನ ಬೆರಳಿಗೂ ಸಿಕ್ಕಿಸಿದಳು. ಪರದೆಯ ಮೇಲೆ ಎರಡು ಗೆರೆ. ಸಾಕ್ಷಿಯದು ಸಣ್ಣಗೆ ಕುಣಿಯುತ್ತಿತ್ತು. ಸರುಬಾಯಿಯದು ಗೀಟು ಎಳೆದಂತೆ ನೇರ ಬಿದ್ದಿತ್ತು. ಕ್ಲಿಪ್ ಕೆಟ್ಟಿರಬೇಕೆಂದು ಅದಲುಬದಲು ಮಾಡಿ ನೋಡಿದಳು. ಗೆರೆಗಳು ಹಾಗೇ ಇದ್ದವು. ವಯಸ್ಸಾದ ಚರ್ಮ, ಬೆವರುವುದಿಲ್ಲ ಎಂದುಕೊಂಡು ಸುಮ್ಮನಾದಳು.

ಸರುಬಾಯಿ ಹಗ್ಗ ಎಳೆದಳು. ಖಾಲಿ ತೊಟ್ಟಿಲು ಕಿರ್ರ್ ಎಂದಿತು. ಇನ್ನೊಮ್ಮೆ ಕಿರ್ರ್ ಎಂದಿತು. ಆಮೇಲೆ ದನಿ ಬಂತು.

"ತೂಗಿದ ಕೈ ಇಲ್ಲೇ ಅದ, ತೊಟ್ಟಿಲು ಹಗುರಾಗ್ಯಾದ
ಹಾಲು ಬಂದು ನಿಂತಾವೋ ಕಂದಾ, ಕುಡಿಯಾಕ ಬರವಲ್ಲ್ಯಾಕ..."

ಸಾಕ್ಷಿಯ ತಲೆ ಮೊದಮೊದಲು ತನ್ನ ಕೆಲಸ ತಾನು ಮಾಡಿತು. ಪ್ರತಿ ಸಾಲೂ ಮೇಲಿನಿಂದ ಕೆಳಕ್ಕೆ ಜಾರುತ್ತದೆ, ಅಳುವವರ ದನಿಯೂ ಹಾಗೇ ಜಾರುತ್ತದೆ. ತೊಟ್ಟಿಲ ಕಿರುಗುಟ್ಟುವಿಕೆ ಎದೆ ಬಡಿತಕ್ಕೆ ಸರಿಯಾಗಿದೆ. ಈಗ ಅದು ನಿಧಾನವಾಗುತ್ತಿದೆ, ಅದರ ಹಿಂದೆ ನನ್ನ ಎದೆಯೂ ನಿಧಾನವಾಗುತ್ತಿದೆ. ಇಷ್ಟು ಗಮನಿಸುವಷ್ಟರಲ್ಲಿ ಕತ್ತಿನ ಹಿಂದೆ ಕೂದಲು ನಿಂತಿತು. ಪೂನಂಳ ಮುಖ ಕಣ್ಣ ಮುಂದೆ ಬಂದು ನಿಂತಿತು, ಅವಳ ಕೆನ್ನೆಯ ಬಿಸಿ, ಹಾಲು ಕುಡಿಯುವಾಗ ಅವಳು ಹಿಡಿದುಕೊಳ್ಳುವ ತಾಳಿ. ಹಾಲು ತಾನಾಗಿ ಇಳಿಯಿತು. ರವಿಕೆ ತೊಯ್ದು ಸೊಂಟದವರೆಗೂ ಹರಿಯಿತು. ಸಾಕ್ಷಿ ಬಾಯಿ ಬಿಟ್ಟು ಅತ್ತಳು, ಅಪ್ಪ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ. ಹಸಿರು ಗೆರೆ ಪರದೆಯ ಮೇಲಂಚಿಗೆ ತಾಗಿತ್ತು.

ಆಮೇಲೆ ಕರೆಂಟು ಹೋದ ಹಾಗೆ ಎಲ್ಲ ನಿಂತಿತು.

ಹಾಡು ನಡೆದೇ ಇತ್ತು. ಈಗ ಅದು ಒಬ್ಬ ಮುದುಕಿಯ ಒಡಕು ದನಿ, ಅಷ್ಟೇ. ಸಾಕ್ಷಿ ಕೆನ್ನೆ ಒರೆಸಿಕೊಂಡಳು. ಕೆನ್ನೆ ಒದ್ದೆಯಾಗಿದ್ದು ಯಾಕೆಂದು ತಲೆಗೆ ಗೊತ್ತಿತ್ತು, ಬೇರೆ ಎಲ್ಲಿಯೂ ಗೊತ್ತಿರಲಿಲ್ಲ. ಪರದೆ ನೋಡಿದಳು. ತನ್ನ ಗೆರೆ ನೇರ ಮಲಗಿತ್ತು. ಮುದುಕಿಯ ಗೆರೆ ಒಮ್ಮೆ ಅದುರಿತು, ಮತ್ತೊಮ್ಮೆ ಅದುರಿತು. ಇದು ಅಪರೂಪದ ಸಂಗತಿ, ನನಗೆ ಆಶ್ಚರ್ಯವಾಗಬೇಕು ಎಂದು ಅವಳಿಗೆ ಅನ್ನಿಸಿತು. ಆಶ್ಚರ್ಯವಾಗಲಿಲ್ಲ. ಸಾಮಾನು ಬ್ಯಾಗಿಗೆ ತುಂಬಿ ಎದ್ದಳು.

"ಬರ್ತೀನ್ರಿ ಅಜ್ಜಿ," ಎಂದಳು ಹೊಸಿಲಲ್ಲಿ ನಿಂತು.

ಸರುಬಾಯಿ ಗಕ್ಕನೆ ತಲೆ ಎತ್ತಿದಳು. ಆಕೆಯ ಗಲ್ಲ ನಡುಗುತ್ತಿತ್ತು. "ಬಾ ನನ್ನವ್ವಾ," ಎಂದಳು. "ಬಾ, ಬಾ."

ಹುಮನಾಬಾದದ ಮನೆಯ ಓಣಿಗೆ ಬಂದಾಗ ಪೂನಂ ಅಳುವುದು ಕೇಳಿಸಿತು. ಸಾಕ್ಷಿ ಓಡಲಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕಾಲು ತೊಳೆದು ಒಳಗೆ ಬಂದಳು. ಅಳು ಸಣ್ಣಗೆ ಶುರುವಾಗಿ ಕೊನೆಗೆ ಕೀರಲಾಗಿ ಏರುತ್ತದೆ, ನಡುವೆ ಉಸಿರಿಗೆ ನಿಲ್ಲುತ್ತದೆ ಎಂದು ಗಮನಿಸಿದಳು. ಮಗುವನ್ನು ಎದೆಗಿಟ್ಟಳು. ಪೂನಂ ಆತುರದಿಂದ ಚೀಪಿದಳು, ಬಾಯಿ ತೆಗೆದಳು, ಅಮ್ಮನ ಮುಖ ನೋಡಿದಳು. ಆಮೇಲೆ ಆ ಮನೆಯಲ್ಲಿ ಯಾರೂ ಕೇಳಿರದಂಥ ದನಿ ತೆಗೆದು ಚೀರಿದಳು. ಎದೆಯಲ್ಲಿ ಒಂದು ಹನಿಯೂ ಇರಲಿಲ್ಲ.

ಡಾಕ್ಟರು ತಾಯಿಗೆ ದಣಿವಾಗಿದೆ ಎಂದರು. ಪುಡಿ ಹಾಲು ಬರೆದುಕೊಟ್ಟರು. ಬಾಟಲಿ ಬಾಯಿಗಿಟ್ಟರೆ ಮಗು ಉಗುಳುತ್ತಿತ್ತು, ಚಮಚದಲ್ಲಿ ಹಾಕಿದರೆ ವಾಂತಿ ಮಾಡುತ್ತಿತ್ತು. ವೈಜನಾಥ ಅಂಗಡಿ ಮುಚ್ಚಿ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಅಂಗಳದಲ್ಲಿ ತಿರುಗಾಡಿದ. ಮೀರಾಬಾಯಿ ಕಂಡ ಕಂಡ ದೇವರಿಗೆ ಹರಕೆ ಹೊತ್ತಳು. ಸಾಕ್ಷಿ ಎಲ್ಲ ಕೆಲಸವನ್ನೂ ಸರಿಯಾಗಿ ಮಾಡಿದಳು. ಬಾಟಲಿ ಕುದಿಸಿದಳು, ಬಟ್ಟೆ ಬದಲಿಸಿದಳು, ಜ್ವರ ನೋಡಿದಳು.

"ನೆತ್ತಿ ಒಳಗೆ ಹೋಗಿದೆ. ಮೈಯಲ್ಲಿ ನೀರು ಕಡಿಮೆಯಾಗಿದೆ ಅಂತ ಅರ್ಥ," ಎಂದಳು ಒಂದು ಬೆಳಿಗ್ಗೆ, ತರಗತಿಯಲ್ಲಿ ಪಾಠ ಹೇಳುವ ದನಿಯಲ್ಲಿ. "ಹೀಗೇ ಆದ್ರೆ ಉಳಿಯಲ್ಲ."

ವೈಜನಾಥ ಅವಳನ್ನೇ ನೋಡಿದ. ಮಗುವಿನ ಭಯಕ್ಕಿಂತ ಹೆಚ್ಚಿನ ಭಯ ಅವನ ಕಣ್ಣಲ್ಲಿತ್ತು. "ಏನಾಗ್ಯಾದ ನಿನಗ?" ಎಂದ. ಆಮೇಲೆ ಬೀದರಿನ ದೊಡ್ಡ ಆಸ್ಪತ್ರೆಯಲ್ಲಿ ವ್ಯವಸ್ಥೆ ಮಾಡಿಕೊಂಡು ಬರುತ್ತೇನೆಂದು ಮುಖ ತಿರುಗಿಸಿ ಹೊರಟುಹೋದ.

ಅವನು ಹೋದ ಮೇಲೆ ಸಾಕ್ಷಿ ಬೆರಳಿಗೆ ಕ್ಲಿಪ್ ಸಿಕ್ಕಿಸಿಕೊಂಡು ಕೂತಳು. ಪೂನಂಳ ಹಳೆಯ ಅಳುವಿನ ಧ್ವನಿಮುದ್ರಣ ಹಾಕಿದಳು. ಗೆರೆ ಏಳಲಿಲ್ಲ. ತವರಿನಲ್ಲಿ ಅಮ್ಮ ಹಾಡಿದ ಜೋಗುಳ ಹಾಕಿದಳು, ಏಳಲಿಲ್ಲ. ಅಪ್ಪನ ಕೊನೆಯ ಫೋನಿನ ಮಾತು ಹಾಕಿದಳು. ಅಪ್ಪ "ಊಟ ಆಯ್ತಾ ಮಗಳೇ" ಎಂದು ಕೇಳುತ್ತಲೇ ಇದ್ದ, ಗೆರೆ ಮಲಗಿಯೇ ಇತ್ತು. ಒಳಗೆ ಒಲೆಯ ಮೇಲೆ ಹಾಲು ಉಕ್ಕುವ ವಾಸನೆ ಬಂತು. ಹೋಗಿ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿದಳು. ಸುಡುತ್ತಿದೆ ಎಂದು ತಿಳಿಯಿತು. ತಿಳಿದ ಮೇಲೂ ಸ್ವಲ್ಪ ಹೊತ್ತು ಹಿಡಿದೇ ಇದ್ದಳು. ಮಗಳು ಸಾಯುತ್ತಿದ್ದಾಳೆ, ನಾನು ಅಳಬೇಕು ಎಂದು ಅವಳಿಗೆ ಗೊತ್ತಿತ್ತು. ಅಳು ಹೇಗೆ ಶುರುವಾಗುತ್ತದೆ ಎನ್ನುವುದು ಮಾತ್ರ ಮರೆತುಹೋಗಿತ್ತು.

ಮೀರಾಬಾಯಿ ಬಂದು ಸೊಸೆಯ ಕೈಯಿಂದ ಪಾತ್ರೆ ಕಿತ್ತುಕೊಂಡಳು. ಸುಟ್ಟ ಅಂಗೈ ನೋಡಿದಳು, ಆ ಮುಖ ನೋಡಿದಳು. "ದುಬಲಗುಂಡಿಗಿ ಹೋಗಿದ್ದಿ," ಎಂದಳು. ಇಷ್ಟು ದಿನ ಹೆದರಿ ಬಾಯಿ ಬಿಡದಿದ್ದ ಮಾತು ಅದು. "ಏಳೋ ಮುಂದ ಏನಂದಿ ಆಕಿಗಿ?"

"ಬರ್ತೀನ್ರಿ ಅಂದೆ."

ಮೀರಾಬಾಯಿ ಹಣೆ ಬಡಿದುಕೊಂಡಳು. "ಸತ್ತ ಮನ್ಯಾಗ ಬರ್ತೀನಿ ಅಂತಾರೇನವ್ವಾ?"

"ಅಲ್ಲಿ ಯಾರೂ ಸತ್ತಿರಲಿಲ್ಲ ಅತ್ತೆ."

"ನಡುಮನ್ಯಾಗ, ನೆಲದ ಮ್ಯಾಲ ದೀಪ ಇತ್ತಿಲ್ಲ?"

ಇತ್ತು. ಹೆಣ ಮಲಗಿಸಿದ್ದ ಜಾಗದಲ್ಲಿ ದೀಪ ಇಡುವುದು ಸಾಕ್ಷಿಗೂ ಗೊತ್ತಿತ್ತು. ಸಾವಿನ ಮನೆಯಿಂದ ಏಳುವಾಗ ಹೋಗುತ್ತೇನೆ ಎನ್ನದೆ, ಬರುತ್ತೇನೆ ಎನ್ನದೆ ಸುಮ್ಮನೆ ಎದ್ದು ಬರಬೇಕು, ಅದು ತುಮಕೂರಿನಲ್ಲೂ ಇರುವ ರೀತಿಯೇ. ಮಧ್ಯಾಹ್ನದ ಕತ್ತಲೆಗೆ ಹಚ್ಚಿದ ದೀಪ ಎಂದುಕೊಂಡು ಅವಳು ಮರ್ಯಾದೆಯ ಮಾತೊಂದನ್ನು ಆಡಿ ಬಂದಿದ್ದಳು.

"ಆಕಿ ಮಗ ತುಳಜಾರಾಮ ಎದಿಹಾಲು ಕುಡಿಯೋ ಕೂಸು. ಅಲ್ಲೇ ಹೋದ, ಆ ಜಾಗದಾಗೇ," ಎಂದಳು ಮೀರಾಬಾಯಿ. "ನಾ ಆಗ ಹೊಸ ಸೊಸಿ. ಸರುಬಾಯಿಗಿ ಅಳು ಬರಲಿಲ್ಲ. ಅಳೋ ತನಕ ಅವನ ದಿನಕರ್ಮ ಮಾಡಂಗಿಲ್ಲ, ದೀಪ ತೆಗ್ಯಂಗಿಲ್ಲ ಅಂತ ಕೂತಳು. ಅಳು ಬರಲೇ ಇಲ್ಲವ್ವಾ. ಆ ಮನಿ ಸೂತಕ ಇನ್ನೂ ಕಳದಿಲ್ಲ." ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮುಂದುವರಿಸಿದಳು. "ಮೊಸರು ಮಾರಾಕ ಬರೋ ದುಬಲಗುಂಡಿಯಾಕಿ ಮುಂಜಾನಿ ಹೇಳಿದ್ಲು. ಸರುಬಾಯಿ ಅಳಾಕತ್ತಾಳಂತ. ಮಗನ್ನ ಹೂಳಿದಲ್ಲಿ ಬಿದ್ದು ಹೊರಳಾಡಿ ಅಳಾಕತ್ತಾಳಂತ. ಊರಾಗ ಯಾರೂ ಉಂಡಿಲ್ಲ."

ವೈಜನಾಥನಿಗಾಗಿ ಅವಳು ಕಾಯಲಿಲ್ಲ. ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು, ಸೊಸೆಯ ಕೈ ಹಿಡಿದು ಆಟೋ ಹತ್ತಿದಳು. ದಾರಿಯುದ್ದಕ್ಕೂ ಮೀರಾಬಾಯಿ ಅತ್ತಳು. ಸಾಕ್ಷಿ ರಸ್ತೆ ನೋಡುತ್ತಾ ಕೂತಳು. ಪೂನಂ ಅಳುವುದನ್ನು ನಿಲ್ಲಿಸಿ ಬಹಳ ಹೊತ್ತಾಗಿತ್ತು. ಅಳಲು ಅವಳಲ್ಲಿ ಶಕ್ತಿ ಉಳಿದಿರಲಿಲ್ಲ.

ಸರುಬಾಯಿಯ ಮನೆಯ ಬಾಗಿಲು ತೆರೆದಿತ್ತು. ನೆಲವನ್ನು ಹಸಿ ಸಗಣಿಯಿಂದ ಸಾರಿಸಲಾಗಿತ್ತು, ದೀಪ ಇರಲಿಲ್ಲ. ಒಳಗೆಲ್ಲ ಹಾಲಿನ ವಾಸನೆ ತುಂಬಿತ್ತು, ಬೆಚ್ಚಗಿನ ಎದೆಹಾಲಿನ ವಾಸನೆ. ಮುದುಕಿಯ ಕಣ್ಣು ಊದಿಕೊಂಡಿದ್ದವು. ಆದರೆ ಮುಖಕ್ಕೆ ಬಣ್ಣ ಬಂದಿತ್ತು, ಜೀವ ಬಂದಿತ್ತು. ಆಕೆಯ ಕುಪ್ಪಸ ಎದೆಯ ಮೇಲೆ ಒದ್ದೆಯಾಗಿ ಅಂಟಿಕೊಂಡಿತ್ತು. ಮೀರಾಬಾಯಿ ಅದನ್ನು ನೋಡಿ ಗೋಡೆಯ ಕಡೆ ತಿರುಗಿದಳು.

"ಅಯ್ಯ ನನ್ನ ಕಂದಾ," ಎಂದಳು ಸರುಬಾಯಿ.

ಆ ದನಿಗೆ ಪೂನಂ ಕಣ್ಣು ತೆರೆದಳು. ಅಮ್ಮನ ಕಡೆ ನೋಡಲಿಲ್ಲ. ಮುದುಕಿಯ ಕಡೆ ತಲೆ ತಿರುಗಿಸಿ, ಒಣಗಿದ ಬಾಯಿ ತೆರೆದು ಹುಡುಕಿದಳು. ಸರುಬಾಯಿ ಎತ್ತಿಕೊಂಡಳು, ಎದೆಗೆ ಒತ್ತಿಕೊಂಡಳು. ಮಗು ಬಾಯಿ ಹಾಕುವಷ್ಟರಲ್ಲಿ ಬೆಂಕಿ ತಾಗಿದವಳಂತೆ ದೂರ ಹಿಡಿದಳು. "ಬ್ಯಾಡ, ಬ್ಯಾಡ. ಇದು ಸತ್ತ ಕೂಸಿಂದು ಹಾಲು. ಜೀವ ಇದ್ದ ಕೂಸಿಗಿ ಕುಡಿಸಬಾರದು."

"ನನ್ನದನ್ನ ವಾಪಸ್ ಕೊಡಿ," ಎಂದಳು ಸಾಕ್ಷಿ. ದನಿಯಲ್ಲಿ ಸಿಟ್ಟಿರಲಿಲ್ಲ, ಬೇಡಿಕೆಯೂ ಇರಲಿಲ್ಲ.

ಸರುಬಾಯಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಳು. "ನನ್ನ ನೆಗೆಣ್ಣಿ, ಮೈದುನನ ಹೆಂಡ್ತಿ, ಮಾಡಿಸಿದ್ಲು ಭಾನಾಮತಿ. ಆಕಿಗಿ ಮಕ್ಕಳಿರಲಿಲ್ಲ. ಮೊದಲ ನನ್ನ ಕೂಸು ಹೋಯ್ತು. ಆಮ್ಯಾಲ ಅಳು ಹೋಯ್ತು. ಊರ ಮಂದಿನ್ನೆಲ್ಲ ಅಳಿಸ್ದೆ ನಾ, ನನ್ನ ಮಗನ ಸಲುವಾಗಿ ನನಗ ಅಳಾಕ ಆಗಲಿಲ್ಲ. ಆಕಿ ಸಾಯೋ ಮುಂದ ದಾರಿ ಹೇಳಿ ಸತ್ತಳು. ಹಾಲಿದ್ದಾಕಿ ಒಬ್ಬಾಕಿ ತಾನಾಗೇ ಬರಬೇಕು. ಆಕಿಗಿ ಎಲ್ಲಾ ಹೇಳಬೇಕು. ಹೇಳಿದ್ರೂ ಆಕಿ ನಗಬೇಕು, ಕೇಳಬೇಕು, ಈ ಹೊಸ್ತಿಲದಾಗ ನಿಂತು ಬರ್ತೀನಿ ಅನಬೇಕು. ಈ ಕಡೆ ಹೆಣ್ಮಕ್ಕಳು ಯಾರು ಬರತಾರ? ನೀ ಬಂದಿ." ಪೂನಂಳ ಒಳಸರಿದ ನೆತ್ತಿಯ ಮೇಲೆ ಕೈಯಾಡಿಸಿದಳು. "ಅತ್ತೆನವ್ವಾ. ದಿಲ್ ಬಿಚ್ಚಿ ಅತ್ತೆ. ಅವನ ದಿನಾನೂ ಮಾಡ್ದೆ."

"ಈ ಕೂಸು ಸಾಯಾಕತ್ತದ ಸರುಬಾಯಿ," ಎಂದಳು ಮೀರಾಬಾಯಿ. "ನಿನ್ನ ಕಾಲು ಹಿಡೀತೀನಿ."

"ಕಾಣತದ." ಮುದುಕಿ ಮಗುವಿನ ಒಣಗಿದ ತುಟಿ ಸವರಿದಳು. "ಇನ್ನೊಂದು ಕೂಸು ಈ ಮನ್ಯಾಗ ಹೋಗೋದು ಬ್ಯಾಡ. ಕೊಡ್ತೀನಿ. ಖರೆ ಆಕಿ ಕರುಳು ಮೊದಲಿನಂಗ ಚೊಕ್ಕ ಉಳದಿಲ್ಲ. ನನ್ನ ತುಳಜಾನ ಸಲುವಾಗಿ ಅತ್ತು ಅತ್ತು ಅದಕ್ಕ ಅವಂದೇ ರೂಢಿ ಆಗ್ಯಾದ. ಹ್ಯಾಂಗದ ಹಾಂಗೇ ಒಯ್ಯಬೇಕು."

"ಅಂದ್ರ ಏನು?" ಎಂದಳು ಮೀರಾಬಾಯಿ ಹೆದರಿ.

ಸರುಬಾಯಿ ತೊಟ್ಟಿಲ ಕಡೆ ನೋಡಿದಳು.

"ಹಾಲು ಬರುತ್ತಾ?" ಎಂದು ಕೇಳಿದಳು ಸಾಕ್ಷಿ.

"ಬರತಾವ."

"ಹಾಗಿದ್ರೆ ಕೊಡಿ."

ಹೆದರಿಕೆ ಇದ್ದವಳಾಗಿದ್ದರೆ ಇನ್ನೊಂದು ಮಾತು ಕೇಳುತ್ತಿದ್ದಳು. ಮೀರಾಬಾಯಿ ಅವಳ ತೋಳು ಹಿಡಿದಳು. ಸಾಕ್ಷಿ ಬಿಡಿಸಿಕೊಂಡು ತೊಟ್ಟಿಲ ಬಳಿ ಕೂತಳು.

ಸರುಬಾಯಿ ಮಗುವನ್ನು ಮೀರಾಬಾಯಿಯ ಕೈಗೆ ಕೊಟ್ಟು, ಆ ಜಾಗದಲ್ಲಿ ಮತ್ತೆ ಹಣತೆ ಹಚ್ಚಿಟ್ಟಳು. ಬಾಗಿಲು ಮುಚ್ಚಿದಳು. ಹೊರಗಿನ ಮಧ್ಯಾಹ್ನ ಹೊರಗೇ ಉಳಿಯಿತು. "ಈ ಸಲ ನೀ ಹಾಡು," ಎಂದಳು. "ನಾ ಕೇಳ್ತೀನಿ."

ಸಾಕ್ಷಿ ಹಗ್ಗ ಎಳೆದಳು. ತೊಟ್ಟಿಲು ಕಿರ್ರ್ ಎಂದಿತು. ಒಮ್ಮೆ ಮಾತ್ರ ಕೇಳಿದ್ದ ಆ ಪದವನ್ನೇ ಹಾಡಿದಳು. ಒಂದು ಸ್ವರವೂ ತಪ್ಪಲಿಲ್ಲ. ಯಾವ ಭಾವವೂ ಇಲ್ಲದ ಶುದ್ಧ ದನಿ ಕಲ್ಲಿನ ಗೋಡೆಗೆ ಬಡಿದು ತಿರುಗಿ ಬಂತು. ಸರುಬಾಯಿ ನರಳಿದಳು. ಎದೆ ಹಿಡಿದುಕೊಂಡಳು. ಹಣತೆ ಬಗ್ಗಿತು. ಗಾಳಿ ಇರಲಿಲ್ಲ. ಮತ್ತೂ ಬಗ್ಗಿತು. ಸುಡುವ ಹಾಲಿನ ವಾಸನೆ ಎದ್ದಿತು. ಸಾಕ್ಷಿ ಹಗ್ಗ ಬಿಟ್ಟಳು. ತೊಟ್ಟಿಲು ನಿಲ್ಲಲಿಲ್ಲ. ತಾನಾಗಿ ತೂಗಿತು. ಹಗ್ಗ ಬಿಗಿಯಾಯಿತು. ತೊಲೆ ಭಾರಕ್ಕೆ ನರಳಿತು. ಒಳಗೆ ಏನೋ ಇತ್ತು. ಮಗ್ಗುಲು ಬದಲಿಸಿತು. ಮೀರಾಬಾಯಿ ಚೀರಿದಳು. ಪೂನಂಳ ಕಣ್ಣು ಮುಚ್ಚಿ ಹಿಡಿದಳು. ಸಾಕ್ಷಿ ಹಾಡುತ್ತಲೇ ಇದ್ದಳು. ನಿಲ್ಲಿಸಲು ಆಗಲಿಲ್ಲ. ಬಾಯಿ ಅವಳದಾಗಿರಲಿಲ್ಲ. ಸರುಬಾಯಿಯ ಮುಖದ ಬಣ್ಣ ಇಳಿಯಿತು. ಕೆನ್ನೆ ಒಣಗಿತು. ಕುಪ್ಪಸ ಒಣಗಿತು. ಕಣ್ಣು ಒಣಗಿದವು. ಹಾಡು ಮುಗಿಯಿತು.

ಮುದುಕಿ ಗೋಡೆ ಹಿಡಿದು ಎದ್ದು ಹೊಸಿಲಿನ ತನಕ ಬಂದಳು. ಸಾಕ್ಷಿಯ ಕಡೆ ನೋಡಲಿಲ್ಲ. ತೊಟ್ಟಿಲ ಕಡೆ ನೋಡಿ, "ಬರ್ತೀನಿ ಮಗಾ," ಎಂದಳು. ಆಮೇಲೆ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ತೊಟ್ಟಿಲು ನಿಂತಿತು. ಮೀರಾಬಾಯಿ ಹತ್ತಿರ ಹೋಗಿ ಮೂಗಿನ ಬಳಿ ಬೆರಳು ಹಿಡಿದಳು. ಉಸಿರಿರಲಿಲ್ಲ.

ಅದೇ ಹೊತ್ತಿಗೆ ಸಾಕ್ಷಿಯ ಎದೆ ಬಿರಿಯುವಂತೆ ನೋಯಿತು. ಹಾಲು ಬಂತು, ರವಿಕೆ ದಾಟಿ ಸೀರೆಯ ಮೇಲೆ ಸುರಿಯಿತು. ಮೀರಾಬಾಯಿ ಮಗುವನ್ನು ಅವಳ ಮಡಿಲಿಗೆ ತುರುಕಿದಳು. ಪೂನಂ ಬಾಯಿ ಹಾಕಿ ಕುಡಿದಳು, ನೆತ್ತಿಗೇರುವಷ್ಟು ಕುಡಿದಳು. ಹಿಂದೆಯೇ ಸಾಕ್ಷಿಗೆ ಅಳು ಬಂತು, ಹೊಟ್ಟೆಯ ಆಳದಿಂದ. "ಅಳವ್ವಾ, ಅಳು," ಎಂದು ಮೀರಾಬಾಯಿ ಅವಳ ತಲೆ ನೇವರಿಸಿ ತಾನೂ ಅತ್ತಳು. ಅವಳಿಗೆ ಅದು ಸಂತೋಷದ ಅಳುವೆಂದೇ ಅನ್ನಿಸಿತ್ತು.

ಪೂನಂ ಚೇತರಿಸಿಕೊಂಡಳು. ಕೆನ್ನೆ ತುಂಬಿದವು, ಕೂರಲು ಕಲಿತಳು. ಬೀದರಿನ ಡಾಕ್ಟರು ಕೆನ್ನೆ ಹಿಂಡಿ ಕಳಿಸಿದರು. ವೈಜನಾಥ ಅಂಗಡಿ ತೆರೆದ. ಸಾಕ್ಷಿ ಕಾಲೇಜಿಗೆ ಹೋಗುವುದನ್ನು ಬಿಟ್ಟಿದ್ದಳು. ಹೊತ್ತು ಹೊತ್ತಿಗೆ ಹಾಲು ಕೊಡುತ್ತಿದ್ದಳು, ನೀರು ಹಾಕುತ್ತಿದ್ದಳು, ಯಾವುದರಲ್ಲೂ ಕೊರತೆ ಮಾಡುತ್ತಿರಲಿಲ್ಲ. ಉಳಿದ ಹೊತ್ತೆಲ್ಲ ಅಳುತ್ತಿದ್ದಳು. ಬಾಣಂತಿಯರಿಗೆ ಹೀಗಾಗುವುದುಂಟು, ಕ್ರಮೇಣ ಸರಿಹೋಗುತ್ತದೆ ಎಂದು ವೈಜನಾಥ ಕಾದ.

ಒಂದು ಮಧ್ಯಾಹ್ನ ಊಟಕ್ಕೆ ಬಂದಾಗ ಅವಳು ಚಾಪೆಯ ಮೇಲೆ ಕೂತಿದ್ದಳು. ಆಗ ತಾನೇ ಹಾಲು ಕುಡಿದ ಪೂನಂ ಪಕ್ಕದಲ್ಲಿ ಕಾಲು ಬಡಿಯುತ್ತಿದ್ದಳು.

"ಮತ್ತ ಯಾಕ ಅಳಾಕತ್ತಿ?" ಎಂದು ವೈಜನಾಥ ಅವಳ ಮುಂದೆ ಕೂತ. "ಪೂನಂ ನೋಡು, ಹ್ಯಾಂಗ ನಗಾಕತ್ತಾಳ ನಿನ್ನ ನೋಡಿ."

ಸಾಕ್ಷಿ ಮಗುವಿನ ಕಡೆ ನೋಡಿದಳು. ಸೆರಗಿನ ತುದಿಯಿಂದ ಅದರ ಬಾಯಿಯ ಹಾಲು ಒರೆಸಿದಳು. ಬೇರೆಯವರ ಮಗುವಿನ ಬಾಯಿ ಒರೆಸುವಾಗ ಇರುವಷ್ಟೇ ಕಾಳಜಿ ಅವಳ ಕೈಯಲ್ಲಿತ್ತು.

"ಯಾರ ಕೂಸೋ ಏನೋ, ಪಾಪ, ಹಸದಿತ್ತು. ಕುಡಿಸೀನ್ರಿ," ಎಂದಳು ತುಮಕೂರಿನ ಹುಡುಗಿ. ಆ ದನಿಯನ್ನು ವೈಜನಾಥ ಎಂದೂ ಕೇಳಿರಲಿಲ್ಲ. "ನನ್ನ ತುಳಜಾ ಹೋಗ್ಯಾನ್ರಿ. ಎದಿಮ್ಯಾಲಿದ್ದ ಕೂಸು, ಬಾಯಾಗಿನ ಹಾಲು ಬಾಯಾಗೇ ಇತ್ತು. ನನಗ ಬ್ಯಾರೆ ಕೂಸು ತೋರಸಬ್ಯಾಡ್ರಿ."

ಪೂನಂ ಅಮ್ಮನ ಕಡೆ ಎರಡೂ ಕೈ ಚಾಚಿ ನಗುತ್ತಲೇ ಇದ್ದಳು.